ಇಲ್ಲದ ಗಡ್ಡೆಗೆ ಬರಿಗಾಲಿನ ಹರಕೆ

ಆ ದೃಶ್ಯ ಬಂದಾಗ ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಟೀವಿಯೊಳಗೆ ಒಬ್ಬಳು ಹೆಂಗಸು, ತನಗೆ ಕ್ಯಾನ್ಸರ್ ಆಗಿದೆ ಎಂದು ಆಫೀಸಿನಲ್ಲೆಲ್ಲ ಸುಳ್ಳು ಹೇಳಿಕೊಂಡು ತಿರುಗುವವಳು. ಆ ಧಾರಾವಾಹಿಯ ಕತೆಯೇ ಅಷ್ಟು. ಮೇಲಧಿಕಾರಿಯ ಎದುರು ಕೂತು, ಕಣ್ಣು ಮುಚ್ಚಿಕೊಂಡು, ಚಿಕಿತ್ಸೆ ಶುರುವಾದಾಗಿನಿಂದ ತನಗೆ ಹಳದಿ ಬಣ್ಣ ಕಂಡರೆ ಆಗುವುದಿಲ್ಲ, ಹೊಟ್ಟೆ ತೊಳಸುತ್ತದೆ ಎಂದಳು. ನಿಜವಾಗಿ ಅವಳಿಗೆ ಆಗದಿದ್ದದ್ದು ಬಣ್ಣವಲ್ಲ, ದಿನಾ ಹಳದಿ ಶರಟು ತೊಟ್ಟು ಬರುವ ಆ ಮೇಲಧಿಕಾರಿ. ಮರುದಿನ ನೋಡಿದರೆ ಆಫೀಸಿನಲ್ಲಿ ಹಳದಿ ಎನ್ನುವುದೇ ಇಲ್ಲ. ಪರದೆ ಬದಲಾಗಿದೆ, ಫೈಲುಗಳು ಬದಲಾಗಿವೆ, ಕ್ಯಾಂಟೀನಿನ ಬಾಳೆಹಣ್ಣು ಕೂಡ ಮಾಯ. ನನ್ನ ಮಗಳು ಸೋಫಾದ ಮೇಲೆ ಹೊರಳಾಡಿ ನಗುತ್ತಿದ್ದಳು. ಅಳಿಯ ಕಣ್ಣೊರೆಸಿಕೊಂಡ.

ನಾನು ನಗಲಿಲ್ಲ. ಪಕ್ಕದಲ್ಲಿ ಬ್ಯಾಂಡೇಜು ಸುತ್ತಿದ ಬಲಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದ ನನ್ನ ಅಕ್ಕನೂ ನಗಲಿಲ್ಲ.

“ಲೋ, ಅದನ್ನ ಇನ್ನೊಂದ್ಸಲ ಹಾಕ್ಸೋ,” ಎಂದಳು ಅಕ್ಕ.

ಮಗಳು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಈ ಸಲ ಯಾರಿಗೂ ನಗು ಬರಲಿಲ್ಲ, ಅಕ್ಕ ಅಷ್ಟು ಗಮನವಿಟ್ಟು ನೋಡುತ್ತಿದ್ದಳು. ಪಾಠ ಒಪ್ಪಿಸುವ ಮಕ್ಕಳ ಬಾಯನ್ನೇ ನೋಡುವ ಮೇಷ್ಟರ ಹಾಗೆ.

“ಸಾಕು. ಆಫ್ ಮಾಡು,” ಎಂದಳು.

“ಏನಾಯ್ತತ್ತೆ? ಇದು ಡಾರ್ಕ್ ಕಾಮಿಡಿ. ಮೊದ್ಲು ನಗಬೇಕು, ಆಮೇಲೆ ನಕ್ಕಿದ್ದಕ್ಕೆ ಬೇಜಾರಾಗಬೇಕು,” ಎಂದು ಮಗಳು ಸಮಜಾಯಿಷಿ ಕೊಟ್ಟಳು.

ನನಗೆ ಬೇಜಾರಾಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಎಷ್ಟೋ ತಿಂಗಳಿಂದ ನಮ್ಮ ಮನೆಯ ಸಾರಿಗೆ ಅರಿಶಿನ ಬಿದ್ದಿರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ಜೆ.ಪಿ. ನಗರದಿಂದ ಸಾರಕ್ಕಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ನಮ್ಮ ಮನೆ. ಕೆಳಗೆ ಅಕ್ಕ, ಮೇಲೆ ನಾವು. ಭಾವ ತೀರಿಕೊಂಡ ಮೇಲೆ ಅವಳು ಒಂಟಿಯಾದಳು ಎಂದು ಯಾರಾದರೂ ಕನಿಕರ ತೋರಿಸಲು ಬಂದರೆ, ಅವರನ್ನೇ ಕೂರಿಸಿ, ರೊಟ್ಟಿ ಎಣಗಾಯಿ ಬಡಿಸಿ, ಅವರ ಮನೆಯ ಕಷ್ಟ ಕೇಳಿ ಕಳಿಸುವ ಪೈಕಿ ಅವಳು. ಶನಿವಾರ ಸಂಜೆ ಅವಳ ನಡುಮನೆಯಲ್ಲಿ ಸುತ್ತಲಿನ ಹೆಂಗಸರು ಸೇರಿ ವಚನ ಹಾಡುತ್ತಾರೆ. ಶ್ರುತಿಪೆಟ್ಟಿಗೆ ಅಕ್ಕನದು, ತಾಳ ಅವರವರದು.

ಆ ಬಳಗದಲ್ಲಿ ಒಬ್ಬಾಕೆ, ನಮ್ಮ ಹಿಂದಿನ ಕ್ರಾಸಿನವಳು. ನಲವತ್ತರ ಆಸುಪಾಸು. ಒಳ್ಳೆಯ ಕಂಠ, ಅದಕ್ಕಿಂತ ಒಳ್ಳೆಯ ಮಾತು. ಗಂಡ ಯಾವುದೋ ಕಾರ್ಖಾನೆಯಲ್ಲಿ ಮೇಲ್ವಿಚಾರಕ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಕಳೆದ ಶಿವರಾತ್ರಿ ಕಳೆದ ಮೇಲೆ ಆಕೆ ಕೆಲವು ವಾರ ಹಾಡಲು ಬರಲಿಲ್ಲ. ಬಂದಾಗ ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದಳು. ಹಾಡು ಮುಗಿದು ಮಂಗಳಾರತಿ ಆಗುವವರೆಗೂ ತಡೆದುಕೊಂಡಿದ್ದು, ಆಮೇಲೆ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಅತ್ತಳಂತೆ. ಹೊಟ್ಟೆಯಲ್ಲಿ ಗಡ್ಡೆ. ಆ ಗಡ್ಡೆ. ಹೆಸರು ಹೇಳಲಿಲ್ಲ. ನಮ್ಮ ಹೆಂಗಸರೂ ಆ ಕಾಯಿಲೆಯ ಹೆಸರು ಹೇಳುವುದಿಲ್ಲ, ಹೇಳಿದರೆ ಮನೆಯೊಳಗೆ ಬಂದೀತು ಎಂದು. ಹಾಗಾಗಿ ಯಾವ ಗಡ್ಡೆ, ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂದು ಒಬ್ಬರೂ ಕೇಳಲಿಲ್ಲ. ಅವರ ಮರ್ಯಾದೆಯೇ ಅವಳಿಗೆ ಬೇಲಿಯಾಯಿತು.

ಇನ್ನೊಂದು ಮಾತನ್ನೂ ಆವತ್ತೇ ಹೇಳಿದ್ದಳು. “ಅಕ್ಕಾ, ನಮ್ಮೆಜಮಾನ್ರ ಮುಂದೆ ಮಾತ್ರ ಈ ವಿಷಯ ಎತ್ತಬೇಡಿ. ಅವರು ತಡ್ಕೊಳಲ್ಲ, ಕುಸಿದುಬಿಡ್ತಾರೆ.” ಹೆಂಡತಿಯ ಮೈಯ ವಿಷಯ ಗಂಡನನ್ನು ಕೇಳುವ ಪದ್ಧತಿ ನಮ್ಮಲ್ಲಿ ಮೊದಲೇ ಇಲ್ಲ. ಈಗಂತೂ ಅವನು ಎದುರಿಗೆ ಬಂದರೆ ನಮ್ಮ ಹೆಂಗಸರು ಕಣ್ಣು ತಗ್ಗಿಸಿ, ‘ಅಯ್ಯೋ ಪಾಪ’ ಎನ್ನುವ ಮುಖ ಮಾಡಿಕೊಂಡು ದಾಟಿಹೋಗುತ್ತಿದ್ದರು. ಆ ಬಡಪಾಯಿಗೆ ಬೀದಿಯ ಹೆಂಗಸರೆಲ್ಲ ತನ್ನನ್ನು ಕಂಡು ಯಾಕೆ ಹೀಗೆ ಮಾಡುತ್ತಾರೆ ಎಂದು ತಲೆಬುಡ ಗೊತ್ತಾಗಿರಲಿಕ್ಕಿಲ್ಲ.

ಸರದಿ ಗೊತ್ತುಮಾಡಿಕೊಂಡು ಅವಳ ಮನೆಗೆ ಕ್ಯಾರಿಯರ್ ಹೋಗತೊಡಗಿತು. ಆಗ ಬಂದದ್ದು ಈ ಹಳದಿಯ ಕಾಟ. ಹಳದಿ ಕಂಡರೆ ವಾಂತಿ ಬರುತ್ತದೆಂದು ಅವಳು ಹೇಳಿದ್ದೇ ತಡ, ನಮ್ಮ ಬೀದಿಯ ಒಲೆಗಳಿಂದ ಅರಿಶಿನ ಗಡಿಪಾರಾಯಿತು. ಅವಳಿಗೊಂದು ನಮಗೊಂದು ಎಂದು ಎರಡು ಅಡುಗೆ ಯಾರು ಮಾಡುತ್ತಾರೆ? ನಾವೂ ಬಿಳಿಸಾರು ಉಂಡೆವು. ಅರಿಶಿನವಿಲ್ಲದ ಚಿತ್ರಾನ್ನ ನೋಡಿದ್ದೀರಾ? ನಾನು ತಿಂದಿದ್ದೇನೆ. ಜ್ವರದಿಂದ ಎದ್ದವರ ಮುಖದ ಹಾಗಿರುತ್ತದೆ. ಶನಿವಾರದ ಪೂಜೆಗೆ ಸೇವಂತಿಗೆ, ಚೆಂಡುಹೂವು ಬಂದ್. ಬಳಗದ ಒಬ್ಬರ ಮನೆಯಲ್ಲಿ ಮಗಳ ಮದುವೆಯಾಯಿತು. ಹಳದಿ ಕಂಡು ಆಕೆಗೆ ತೊಂದರೆಯಾದೀತೆಂದು ಅರಿಶಿನದ ಶಾಸ್ತ್ರವನ್ನು ಒಳಕೋಣೆಯಲ್ಲಿ, ಕಿಟಕಿ ಮುಚ್ಚಿಕೊಂಡು, ಕದ್ದ ಮಾಲು ಹಂಚಿಕೊಳ್ಳುವವರ ಹಾಗೆ ಮಾಡಿ ಮುಗಿಸಿದರು. ಮದುವಣಗಿತ್ತಿ ಸೆಕೆಯಲ್ಲಿ ಬೆಂದುಹೋದಳು. ಇವಳು ಹೊರಗೆ ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆ ಹಾಕಿಸಿಕೊಂಡಳು. ಹೋಳಿಗೆ ಹಳದಿಯೇ ಅಲ್ಲವೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಇಷ್ಟಾಗಿದ್ದರೆ ನಾನು ಈ ಕತೆಯನ್ನು ನಗುತ್ತಲೇ ಹೇಳುತ್ತಿದ್ದೆ.

ಒಂದು ಸೋಮವಾರ ಅಕ್ಕ ಬೇಗೂರಿನ ಈಶ್ವರನ ಗುಡಿಗೆ ಹೋಗಿದ್ದವಳು ಆಟೋದಲ್ಲಿ ಬಂದು ಇಳಿದಳು. ಕಾಲಲ್ಲಿ ಚಪ್ಪಲಿಯಿಲ್ಲ.

“ಚಪ್ಪಲಿ ಎಲ್ಲಕ್ಕಾ? ಕದ್ಕೊಂಡು ಹೋದ್ರಾ?”

“ಇಲ್ವೋ. ಬಿಟ್ಟೆ.”

“ಬಿಟ್ಟೆ ಅಂದ್ರೆ?”

“ಹರಕೆ ಹೊತ್ತಿದೀನಿ. ಅವಳಿಗೆ ವಾಸಿಯಾಗಿ, ಅವಳೇ ನಮ್ಮನೆಗೆ ಬಂದು ಬಾಯಿಬಿಟ್ಟು ‘ವಾಸಿಯಾಯ್ತು’ ಅಂತ ಹೇಳೋವರ್ಗೂ ಕಾಲಿಗೆ ಚಪ್ಪಲಿ ಮೆಟ್ಟಲ್ಲ.”

ನಮ್ಮಜ್ಜಿ ಕಲಿಸಿದ ಕ್ರಮ ಅದು. ಹರಕೆಗೆ ಗಡಿ ಇರಬೇಕು, ಎಲ್ಲಿಗೆ ಮುಗಿಯಿತು ಎನ್ನುವುದು ಹೊತ್ತವರಿಗೂ ಗೊತ್ತಿರಬೇಕು, ಶಿವನಿಗೂ ಗೊತ್ತಿರಬೇಕು ಎನ್ನುತ್ತಿದ್ದಳು. ಅಕ್ಕ ತನ್ನ ಹರಕೆಗೆ ಗಟ್ಟಿಯಾಗಿಯೇ ಗಡಿ ಕಲ್ಲು ನೆಟ್ಟಿದ್ದಳು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿದೆ. ಅಕ್ಕನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಎಷ್ಟೋ ವರ್ಷ. ಪಾದದಲ್ಲಿ ಸ್ಪರ್ಶವೇ ಕಡಿಮೆ; ಬಿಸಿನೀರು ಸುರಿದರೂ ಬೆಚ್ಚಗಿದೆ ಎನ್ನುವವಳು. ಒಪ್ಪತ್ತು ಊಟ ಬಿಡು, ಕಾಫಿ ಬಿಡು, ಬೇಕಾದರೆ ನನ್ನ ಹತ್ತಿರ ಮಾತು ಬಿಡು, ಚಪ್ಪಲಿ ಬಿಡಬೇಡ ಎಂದು ಗೋಗರೆದೆ. “ಸುಲಭದ್ದನ್ನ ಬಿಟ್ರೆ ಅದು ಹರಕೆ ಹೇಗಾಗತ್ತೋ?” ಎಂದು ಒಳಗೆ ಹೋದಳು. ಹೋಗಿ ಬಿಳಿಸಾರಿಗೆ ಒಗ್ಗರಣೆ ಹಾಕಿದಳು.

ಆ ಬೇಸಿಗೆಯಲ್ಲಿ ಅವಳು ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ ಕ್ಯಾರಿಯರ್ ಹಿಡಿದು ಹೋಗುತ್ತಿದ್ದದ್ದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ನೆರಳು ಇದ್ದ ಕಡೆಗೆ ದಾಟಿ, ನೆರಳು ಮುಗಿದಲ್ಲಿ ಬೇಗ ಬೇಗ ಹೆಜ್ಜೆ ಹಾಕಿ. ಸಾರಕ್ಕಿ ಮಾರುಕಟ್ಟೆಗೂ ಹಾಗೆಯೇ ಹೋಗುತ್ತಿದ್ದಳು, ಅಲ್ಲಿನ ಕೊಳೆ, ಮೊಳೆ, ಬಾಟಲಿ ಚೂರು ಎಲ್ಲದರ ಮೇಲೆ. ಕ್ಯಾರಿಯರ್ ತೆಗೆದುಕೊಳ್ಳಲು ಬಾಗಿಲಿಗೆ ಬರುತ್ತಿದ್ದವಳು ಆ ಕಾಲನ್ನು ನೋಡುತ್ತಿರಲಿಲ್ಲವೆ? ನೋಡುತ್ತಿದ್ದಳು. “ಅಕ್ಕಾ, ನನಗೋಸ್ಕರ ಇಷ್ಟೆಲ್ಲ ಯಾಕೆ?” ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದಳಂತೆ. ಅಕ್ಕ ಮನೆಗೆ ಬಂದು ಅದನ್ನು ಹೇಳಿ ತಾನೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಕೆಳಗಿನ ಮನೆಯ ನೆಲದ ಮೇಲೆ ರಕ್ತದ ಕಲೆ ಕಂಡಿತು, ಅಡುಗೆಮನೆಯಿಂದ ದೇವರಮನೆಯವರೆಗೆ. ಅಕ್ಕ ಕುಂಕುಮ ಚೆಲ್ಲಿದೆ ಅಂದುಕೊಂಡು ಒರೆಸುತ್ತಿದ್ದಳು. ಬಲಗಾಲಿನ ಕಿರುಬೆರಳ ಬುಡದಲ್ಲಿ ಗಾಜಿನ ಚೂರು ಹೊಕ್ಕು, ಯಾವಾಗ ಹೊಕ್ಕಿತೋ, ಸುತ್ತ ಕಪ್ಪಿಟ್ಟಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಕಾಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. “ಅಮ್ಮಾ, ನಿಮ್ಮ ಪಾದಕ್ಕೆ ನೋವು ತಿಳಿಯಲ್ಲ. ಅದಕ್ಕೇ ಚಪ್ಪಲಿ ಬೇಕು. ಮನೆಯೊಳಗೂ ಹಾಕ್ಕೊಂಡೇ ಓಡಾಡಿ. ಬರಿಗಾಲಲ್ಲಿ ತಿರುಗಿದ್ರೆ ಈ ಬೆರಳು ಉಳಿಯಲ್ಲ,” ಎಂದು ಕೈಹಿಡಿದು ಹೇಳಿದಳು. ಸಕ್ಕರೆ ಕಾಯಿಲೆಯವರಿಗೆಂದೇ ಮೆತ್ತಗೆ ಮಾಡಿದ ಎಂಸಿಆರ್ ಚಪ್ಪಲಿಯನ್ನು ಅಂದೇ ಜಯನಗರದಿಂದ ತಂದೆ. ಅಕ್ಕ ಅದನ್ನು ಒತ್ತಿ ನೋಡಿ, “ಹೂವಿನ ಹಾಗಿದೆ ಕಣೋ,” ಎಂದು ಡಬ್ಬಿಯೊಳಗಿಟ್ಟು ಮುಚ್ಚಿದಳು.

ಆ ಡಬ್ಬಿ ಹಾಗೆಯೇ ಕೂತಿದ್ದ ಕಾಲದಲ್ಲಿ ನಾವು ಆ ಧಾರಾವಾಹಿ ನೋಡಿದ್ದು. ಮಗಳು ಅದನ್ನು ಪೂರ್ತಿ ನೋಡಿ ಮುಗಿಸಿ ನನ್ನ ಹತ್ತಿರ ಬಂದಳು. ಮುಖ ಸಣ್ಣಗಾಗಿತ್ತು. ಗಂಡನ ಮುಂದೆ ಮಾತೆತ್ತಬೇಡಿ ಎನ್ನುವುದೂ ಅದರಲ್ಲಿದೆಯಂತೆ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ತೊಡೆಯ ಮೇಲೆ ಬಿದ್ದು ಅಳುವುದೂ ಇದೆಯಂತೆ. “ಅಪ್ಪಾ, ಆ ಆಂಟಿ ಇದನ್ನ ನೋಡ್ಕೊಂಡೇ ಮಾಡಿದಾರೆ,” ಎಂದಳು.

ಮರುದಿನ ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಆ ಹೆಂಗಸಿನ ಗಂಡ ಸಿಕ್ಕಿದ. ಪದ್ಧತಿ ಮುರಿದು ನಾನೇ ಕೇಳಿದೆ.

“ಮನೇಲಿ ಹೇಗಿದಾರೆ?”

“ಚೆನ್ನಾಗಿದಾಳೆ ಸಾರ್.”

“ಅಲ್ಲ, ಆ ಚಿಕಿತ್ಸೆ…”

“ಯಾವ್ದು? ಓ, ಹಲ್ಲಿಂದಾ? ಆ ರೂಟ್ ಕೆನಾಲ್ ಮುಗಿದು ಎಷ್ಟ್ ದಿನ ಆಯ್ತು!” ನಕ್ಕ. ಆಮೇಲೆ ಸಂಕೋಚದಿಂದ, “ಸಾರ್, ನಿಮ್ಮಕ್ಕನವರಿಗೆ ಒಂದು ಮಾತು ಹೇಳ್ಬೇಕು. ಬಳಗದವರು ಪಾಪ ದಿನಾ ಪ್ರಸಾದ ಕಳಿಸ್ತಾರೆ, ರುಚಿ ಚೆನ್ನಾಗೇ ಇರತ್ತೆ. ತಪ್ಪು ತಿಳ್ಕೋಬೇಡಿ, ಸ್ವಲ್ಪ ಅರಿಶಿನ ಹಾಕಕ್ಕೆ ಹೇಳಿ ಸಾರ್.”

ನಾನು ಎಲ್ಲವನ್ನೂ ಹೇಳಿದೆ. ಅವನು ಹಾಲಿನ ಪ್ಯಾಕೆಟ್ಟುಗಳನ್ನು ಎದೆಗೆ ಅವುಚಿಕೊಂಡು ಖಾಲಿ ಕ್ರೇಟಿನ ಮೇಲೆ ಕೂತುಬಿಟ್ಟ. ಕೂದಲು ಕತ್ತರಿಸಿಕೊಂಡದ್ದಕ್ಕೆ ಸೆಕೆ ಎಂದಿದ್ದಳಂತೆ, ಸ್ಕಾರ್ಫಿಗೆ ಧೂಳು ಎಂದಿದ್ದಳಂತೆ. ಆ ಮನುಷ್ಯನ ಮೇಲೆ ನನಗೆ ಕೋಪ ಬರಲಿಲ್ಲ. ಅವತ್ತೇ ಸಂಜೆ ಅವನು ಕೇಳಿದಾಗ ಅವಳು ಒಪ್ಪಿಕೊಂಡಳು. ಮಾರನೆಯ ದಿನ ತುಮಕೂರಿನ ಕಡೆ ತವರಿಗೆ ಹೋಗಿ ಕೂತಳು.

ಬಳಗ ಕೊತಕೊತ ಕುದಿಯಿತು. ಅರಿಶಿನದ ಶಾಸ್ತ್ರ ಕದ್ದು ಮಾಡಿದ ತಾಯಿ ಬೀದಿಯಲ್ಲಿ ನಿಂತು ಬೈದರು. ಸ್ಟೇಷನ್ನಿಗೆ ಹೋಗೋಣ ಎಂದರು ಕೆಲವರು. ಹೋಗಿ ಏನೆಂದು ಹೇಳುವುದು? ಅವಳು ದುಡ್ಡು ಹೊಡೆದಿರಲಿಲ್ಲ, ಕೇಳಿಯೂ ಇರಲಿಲ್ಲ. ನಮ್ಮ ಹುಳಿ, ನಮ್ಮ ಪಲ್ಯ, ನಮ್ಮ ಕಣ್ಣೀರು, ನಮ್ಮ ಅಕ್ಕನ ಪಾದ. ಇದಕ್ಕೆ ಯಾವ ಕಲಮು ಹಾಕುತ್ತಾರೆ?

ಮಗಳು ಸಮಾಧಾನ ಹೇಳಿದಳು. ಆಕೆಗೂ ಏನೋ ಒಂಟಿತನ ಇದ್ದಿರಬಹುದು, ಧಾರಾವಾಹಿಯಲ್ಲೂ ಅದನ್ನೇ ತೋರಿಸುತ್ತಾರೆ, ಸುಳ್ಳು ಹೇಳುವವಳ ಬಾಲ್ಯ, ಅವಳ ಅಪ್ಪನ ನಿರ್ಲಕ್ಷ್ಯ, ಎಲ್ಲ. ಇರಬಹುದು. ನನ್ನದೂ ಕಲ್ಲಿನ ಎದೆಯಲ್ಲ. ಒಂಟಿಯಾಗಿದ್ದೇನೆ ಬಂದು ಕೂತುಕೊಳ್ಳಿ ಎಂದಿದ್ದರೆ ಅಕ್ಕ ಚಾಪೆ ಸಮೇತ ಹೋಗಿ ಕೂರುತ್ತಿದ್ದಳು, ಅರಿಶಿನ ಹಾಕಿದ ಸಾರು ಒಯ್ಯುತ್ತಿದ್ದಳು. ನನ್ನ ಸಿಟ್ಟು ಬೇರೆಯದು. ಕಂತಿನ ಮೇಲೆ ಕಂತು ಆ ಸುಳ್ಳಿಯ ಮನಸ್ಸಿನೊಳಗೆ ಇಳಿದು ಇಳಿದು ನೋಡುತ್ತೀರಿ. ಗಂಜಿ ಹೊತ್ತು ತಂದವಳು ಒಂದು ದೃಶ್ಯದಲ್ಲಿ ಬಾಗಿಲಿಗೆ ಬಂದು ಪಾತ್ರೆ ಕೊಟ್ಟು ಹೋಗುತ್ತಾಳೆ, ಅವಳ ಪೆದ್ದು ಮುಖ ನೋಡಿ ನಾವು ನಗಬೇಕು. ಅವಳು ಮನೆಗೆ ಹೇಗೆ ನಡೆದುಕೊಂಡು ಹೋದಳು ಎಂದು ಕ್ಯಾಮರಾ ಹಿಂದೆ ಹೋಗುವುದಿಲ್ಲ.

ಇರಲಿ. ಸತ್ಯ ಗೊತ್ತಾಯಿತಲ್ಲ, ಇನ್ನು ಹರಕೆ ಬಿದ್ದುಹೋಯಿತು ಎಂದು ನಾನು ಚಪ್ಪಲಿ ಡಬ್ಬಿ ತಂದು ಅಕ್ಕನ ಮುಂದಿಟ್ಟೆ.

“ಅವಳು ಬಂದು ಹೇಳ್ಲಿಲ್ವಲ್ಲೋ,” ಎಂದಳು.

“ಏನು ಹೇಳ್ಬೇಕು?”

“ವಾಸಿಯಾಯ್ತು ಅಂತ.”

“ಇಲ್ಲದ ಕಾಯಿಲೆ ವಾಸಿಯಾಗೋದು ಹೇಗಕ್ಕಾ?”

“ಅದು ನನಗೂ ತಿಳೀದು. ಆದ್ರೆ ನಾನು ಮಾತು ಕೊಟ್ಟಿದ್ದು ಅವಳಿಗಲ್ಲವಲ್ಲ. ಅವಳು ಸುಳ್ಳಿ ಅಂತ ನಾನೂ ಸುಳ್ಳಿ ಆಗ್ಲಾ?”

ಆಟೋ ಮಾಡಿಕೊಂಡು ಬೇಗೂರಿಗೆ ಕರೆದುಕೊಂಡು ಹೋದೆ. ಅರ್ಚಕರು ಕೇಳಿಸಿಕೊಂಡು ಮರುಗಿದರು. “ದೇವರಿಗೆ ಎಲ್ಲ ಗೊತ್ತಿದೆಯಮ್ಮಾ. ಒಂದು ತಪ್ಪುಕಾಣಿಕೆ ಹಾಕಿ, ಚಪ್ಪಲಿ ಹಾಕ್ಕೊಂಡುಬಿಡಿ,” ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ನೆಟ್ಟಗೆ ನಿಂತಳು.

“ತಪ್ಪು ನಾನು ಮಾಡಿದ್ನಾ ಸ್ವಾಮಿ? ನಾನ್ಯಾಕೆ ತಪ್ಪುಕಾಣಿಕೆ ಹಾಕ್ಲಿ?”

ಅರ್ಚಕರು ವಿಭೂತಿ ಕೊಟ್ಟು ಕಳಿಸಿದರು. ಅಕ್ಕ ಅಲ್ಲಿಂದಲೂ ಬರಿಗಾಲಲ್ಲೇ ಬಂದಳು.

ಒಂದು ಸಂಗತಿ ಮಾತ್ರ ನನಗೆ ಅರ್ಥವಾಗಲಿಲ್ಲ. ಅಕ್ಕ ಅವಳನ್ನು ಬೈಯಲಿಲ್ಲ. ಬಳಗದವರೆಲ್ಲ ಶಾಪ ಹಾಕುವಾಗ ತುಟಿ ಬಿಗಿದು ಸುಮ್ಮನೆ ಕೂರುತ್ತಿದ್ದಳು. ನಾನು ಆ ಹೆಂಗಸಿಗೆ ಒಂದು ಮಾತು ಅಂದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದಳು. ಇದೇನು ದೊಡ್ಡತನವೋ, ಹಟವೋ ಎಂದು ನನಗೆ ಅವಳ ಮೇಲೂ ಕೋಪ ಬರುತ್ತಿತ್ತು.

ಗಾಯ ಒಣಗಲಿಲ್ಲ. ಕೀವು ಮೂಳೆಗೆ ಇಳಿಯಿತು. ಕಿರುಬೆರಳನ್ನು ತೆಗೆದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾಯುತ್ತಿದ್ದಾಗ ಎದುರಿನ ಬೆಂಚಿಗೆ ಒಬ್ಬ ಹೆಣ್ಣುಮಗಳು ಬಂದು ಕೂತಳು. ತಲೆಗೆ ಸ್ಕಾರ್ಫು, ಹುಬ್ಬಿಲ್ಲ, ಬೂದಿಬಣ್ಣದ ಮುಖ, ಪಕ್ಕದಲ್ಲಿ ಅವಳ ಕೈಹಿಡಿದ ತಾಯಿ. ನನಗೆ ಮೊದಲು ಬಂದ ಯೋಚನೆ ಏನು ಗೊತ್ತೆ? ಇವಳದ್ದು ನಿಜವೋ ಸುಳ್ಳೋ! ಅವಳು ನನ್ನನ್ನು ನೋಡಿ ಸಣ್ಣಗೆ ನಕ್ಕಳು. ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಅನಿಸಿತು. ನಮ್ಮ ಹಿರಿಯರು ಕಾಯಿಲೆಯವರನ್ನು ಕಂಡರೆ ಮೊದಲು ನೀರು ಕೊಡುತ್ತಿದ್ದರು. ನಾನು ಮೊದಲು ಅನುಮಾನ ಕೊಟ್ಟೆ. ಈ ಹುಳವನ್ನು ನನ್ನ ತಲೆಯೊಳಗೆ ಬಿಟ್ಟವಳನ್ನು ನಾನು ಹೇಗೆ ಕ್ಷಮಿಸಲಿ?

ಅಕ್ಕನನ್ನು ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಬದಿಗೆ ಕರೆದಳು. “ಅಂಕಲ್, ಇನ್ನೊಂದು ಗಾಯ ಆದ್ರೆ ಬೆರಳಲ್ಲ, ಪಾದ. ನೀವು ಏನ್ ಮಾಡ್ತೀರೋ ಗೊತ್ತಿಲ್ಲ, ಅವರು ಚಪ್ಪಲಿ ಹಾಕ್ಕೋಬೇಕು.”

ಆ ಹೊತ್ತಿಗೆ ಹಿಂದಿನ ಕ್ರಾಸಿನವಳು ತವರಿನಿಂದ ವಾಪಸು ಬಂದಿದ್ದಳು. ಅವಳ ಬಾಗಿಲು ತಟ್ಟುವುದಕ್ಕಿಂತ ಬಾವಿಗೆ ಬೀಳುವುದು ಮೇಲು ಎಂದುಕೊಂಡಿದ್ದವನು ಹೋಗಿ ತಟ್ಟಿದೆ. ಸ್ಕಾರ್ಫ್ ಇರಲಿಲ್ಲ, ಗಿಡ್ಡ ಕೂದಲು ಅವಳಿಗೆ ಒಪ್ಪುತ್ತಿತ್ತು. ತೊಟ್ಟದ್ದು ಹಳದಿ ಚೂಡಿದಾರ.

“ಬನ್ನಿ ಅಣ್ಣಾ, ಕಾಫಿ ಮಾಡ್ಲಾ?”

“ಬೇಡಮ್ಮಾ. ಒಂದು ಉಪಕಾರ ಆಗ್ಬೇಕು. ನಮ್ಮನೆಗೆ ಬಂದು ಅಕ್ಕನ ಮುಂದೆ ‘ನನಗೆ ವಾಸಿಯಾಯ್ತು’ ಅಂತ ಒಂದು ಮಾತು ಹೇಳಿ. ಅಷ್ಟೇ ಸಾಕು. ನೀವು ಹೇಳದೆ ಅವಳು ಚಪ್ಪಲಿ ಹಾಕಲ್ಲ. ಪಾದ ಹೋಗತ್ತೆ.”

ಅವಳು ಕೈ ಕಟ್ಟಿಕೊಂಡಳು.

“ಅಣ್ಣಾ, ನಾನೀಗ ಕೌನ್ಸೆಲಿಂಗ್ ಹೋಗ್ತಿದೀನಿ. ಇನ್ಮೇಲೆ ಒಂದೇ ಒಂದು ಸುಳ್ಳೂ ಹೇಳಲ್ಲ ಅಂತ ತೀರ್ಮಾನ ಮಾಡಿದೀನಿ. ಅದು ನನ್ನ ಹೀಲಿಂಗ್‌ಗೆ ತುಂಬ ಇಂಪಾರ್ಟೆಂಟು. ಬೇಕಾದ್ರೆ ಬಂದು ಸಾರಿ ಕೇಳ್ತೀನಿ. ಆದ್ರೆ ಇಲ್ಲದ ಕಾಯಿಲೆ ವಾಸಿಯಾಯ್ತು ಅಂತ ಸುಳ್ಳು ಹೇಗೆ ಹೇಳ್ಲಿ?”

ಬೀದಿಗೆ ಬೀದಿಯನ್ನೇ ಬಿಳಿಸಾರು ಕುಡಿಸಿದವಳಿಗೆ ಈಗ, ಇವತ್ತು, ನನ್ನ ಅಕ್ಕನ ಪಾದ ಕತ್ತಿಯ ಕೆಳಗಿರುವಾಗ, ಸತ್ಯದ ಮೇಲೆ ಪ್ರೀತಿ ಉಕ್ಕಿತ್ತು!

“ತಾಯೀ,” ಎಂದೆ, “ಅಷ್ಟೊಂದು ಹೇಳಿದೀರಿ. ಇನ್ನೊಂದಕ್ಕೆ ಬಾಯಿ ಸವೆಯಲ್ಲ. ನಿಮ್ಮ ಹೀಲಿಂಗು ಒಂದಿನ ತಡವಾದ್ರೆ ಏನೂ ಹೋಗಲ್ಲ, ಅವಳ ಕಾಲು ಹೋದ್ರೆ ಮತ್ತೆ ಚಿಗುರಲ್ಲ. ನಿಮ್ಮ ಕಾಲಿಗೆ ಬೀಳ್ಬೇಕಾ? ಬೀಳ್ತೀನಿ.”

ಸುಳ್ಳು ಹೇಳಬಾರದೆಂದು ಅಜ್ಜಿಯ ಕೈಯ ಏಟು ತಿಂದು ಬೆಳೆದವನು, ಒಬ್ಬ ಸುಳ್ಳಿಯ ಮುಂದೆ ನಿಂತು ಒಂದು ಸುಳ್ಳಿಗಾಗಿ ಭಿಕ್ಷೆ ಬೇಡುತ್ತಿದ್ದೆ. ಒಳಕೋಣೆಯಿಂದ ಅವಳ ಗಂಡ ಹೊರಗೆ ಬಂದ. ಹೆಂಡತಿಯ ಮುಖ ನೋಡದೆ, “ಹೋಗಿ ಹೇಳಿ ಬಾ. ಇಲ್ದಿದ್ರೆ ತುಮಕೂರಿನಿಂದ ನಾನು ನಿನ್ನನ್ನ ಕರ್ಕೊಂಡು ಬಂದಿದ್ದೇ ತಪ್ಪು,” ಎಂದ.

ಬಂದಳು. ಶನಿವಾರ ಮಧ್ಯಾಹ್ನ, ಇನ್ನೂ ಬಳಗ ಸೇರಿರಲಿಲ್ಲ. ಅಕ್ಕ ನಡುಮನೆಯ ಕುರ್ಚಿಯಲ್ಲಿ ಕೂತಿದ್ದಳು, ಎದುರಿಗೆ ಸ್ಟೂಲಿನ ಮೇಲೆ ಪಾದ. ನಾಲ್ಕೇ ಬೆರಳಿನ ಪಾದ. ಬಂದವಳ ಕಣ್ಣು ಅಲ್ಲಿಗೆ ಹೋಗಿ, ಬೇರೆ ಕಡೆ ಜಾರಿತು.

“ಬಾಮ್ಮಾ,” ಎಂದಳು ಅಕ್ಕ ಮೃದುವಾಗಿ. “ಹೇಗಿದೀಯ? ವಾಸಿಯಾಯ್ತಾ?”

“ವಾಸಿಯಾಯ್ತು ಅಕ್ಕಾ.”

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ಬೇಡಿದ್ದು ಅಷ್ಟೇ. ಆದರೆ ಬಾಯಿಗೆ ರುಚಿ ಹತ್ತಿತೋ ಏನೋ, “ಡಾಕ್ಟ್ರೇ ಆಶ್ಚರ್ಯಪಟ್ರು ಅಕ್ಕಾ. ಸ್ಕ್ಯಾನ್‌ನಲ್ಲಿ ಏನೂ ಇಲ್ವಂತೆ. ನಿಮ್ಮ ಹರಕೆಯಿಂದಾನೇ ನಾನು ಉಳಿದೆ,” ಎಂದಳು. ಕಣ್ಣಿನ ಅಂಚಿಗೆ ನೀರೂ ಬಂದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕೈಯೆತ್ತಿ ತಡೆದಳು. ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದಳು.

“ಶಿವನೇ, ತೀರಿತಪ್ಪಾ,” ಎಂದಳು. “ಲೋ, ಡಬ್ಬಿ ತಾ.”

ನಾನೇ ಮಂಡಿಯೂರಿ ತೊಡಿಸಿದೆ. ಅಕ್ಕ ಕುರ್ಚಿಯ ಕೈ ಹಿಡಿದು ಎದ್ದಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನಡುಮನೆಯಲ್ಲೇ ಒಂದು ಸುತ್ತು ಹಾಕಿ ಬಂದಳು. ಎದುರಿನವಳು ಮುಗುಳ್ನಕ್ಕು, “ಸರಿ ಅಕ್ಕಾ, ನಾನಿನ್ನು ಬರ್ತೀನಿ,” ಎಂದಳು.

“ಎಲ್ಲಿಗೆ ಹೋಗ್ತೀಯೇ? ಕೂತ್ಕೊಳ್ಳೇ.”

ಗದರುವ ಆ ‘ಕೂತ್ಕೊಳ್ಳೇ’ಯನ್ನು, ನನಗೆ ಐವತ್ತು ದಾಟಿದ ಮೇಲೆ, ನಾನು ಅಕ್ಕನ ಬಾಯಲ್ಲಿ ಕೇಳಿರಲಿಲ್ಲ. ಅವಳು ಕೂತಳು.

“ಯಾರಿಗೋಸ್ಕರ ಹರಕೆ ಹೊತ್ತಿರ್ತೀವೋ, ಅದು ತೀರೋವರ್ಗೂ ಅವರಿಗೆ ಒಂದು ಕೆಟ್ಟ ಮಾತೂ ಆಡಬಾರದು ಅಂತ ನಮ್ಮಜ್ಜಿ ಹೇಳ್ತಿದ್ಲು. ಅದಕ್ಕೇ ತುಟಿ ಹೊಲ್ಕೊಂಡು ಕೂತಿದ್ದೆ. ಬೆರಳು ತೆಗೆದಾಗ್ಲೂ ಒಂದು ಶಾಪ ಹಾಕ್ಲಿಲ್ಲ ನಿನಗೆ. ಎಲ್ಲಿ ಬಾಯಿ ಜಾರತ್ತೋ ಅಂತ ನಿನ್ನ ಹೆಸರು ಬಂದ ಕಡೆಯಿಂದ ಎದ್ದು ಹೋಗ್ತಿದ್ದೆ. ಈಗ ತೀರಿತು. ಈಗ ಕೇಳು. ನೋಡೇ ಈ ಕಾಲನ್ನ. ಅತ್ಲಾಗಿ ತಿರುಗ್ಬೇಡ, ನೋಡು! ನಿನ್ನ ಇಲ್ಲದ ಗಡ್ಡೆಗೆ ನನ್ನ ಇದ್ದ ಬೆರಳು ಹೋಯ್ತಲ್ಲೇ, ಮನೆಹಾಳಿ! ಬಿಸಿಲಲ್ಲಿ ಪಾದ ಸುಟ್ಕೊಂಡು ಬಂದು ನಿಂತಾಗ ‘ಯಾಕಕ್ಕಾ ಇಷ್ಟೆಲ್ಲ’ ಅಂತ ಕೇಳ್ತಿದ್ಯಲ್ಲ, ಆಗೊಂದು ಸಲ, ಒಂದೇ ಒಂದು ಸಲ, ‘ಚಪ್ಪಲಿ ಹಾಕ್ಕೊಳ್ಳಿ, ನನಗೇನೂ ಆಗಿಲ್ಲ’ ಅಂತ ಅನ್ನೋಕೆ ನಿನ್ನ ನಾಲಿಗೆಗೆ ಲಕ್ವ ಹೊಡೆದಿತ್ತೇನೇ? ಈಗ ಬಂದು ಸ್ಕ್ಯಾನು ಅಂತೀಯ, ಡಾಕ್ಟ್ರು ಅಂತೀಯ!”

“ಅಕ್ಕಾ, ನಾನು ಆವತ್ತೇ…”

“ಅಕ್ಕ ಗಿಕ್ಕ ಅನ್ನಬೇಡ, ಚಪ್ಪಲಿ ಕಾಲಲ್ಲಿದೆ, ಕೈಗೆ ಬಂದೀತು! ಇನ್ನೂ ಬಿಳಿಸಾರಿನ ವಿಷಯಕ್ಕೆ ಬಂದೇ ಇಲ್ಲ ನಾನು.”

ಗೇಟಿನ ಸದ್ದಾಯಿತು. ಸಂಜೆಯ ಹಾಡಿಗೆ ಬಳಗದವರು ಒಬ್ಬೊಬ್ಬರಾಗಿ ಬರತೊಡಗಿದ್ದರು. ಸಾಮಾನ್ಯವಾಗಿ ಅಕ್ಕನ ದನಿ ಏರಿದರೆ ನಾನು ಹೋಗಿ ಬಾಗಿಲು ಮುಂದೆ ಮಾಡುತ್ತೇನೆ, ನಾಲ್ಕು ಜನ ಕೇಳಿಸಿಕೊಳ್ಳಬಾರದೆಂದು. ಅವತ್ತು ಹೋಗಿ ಬಾಗಿಲನ್ನು ಹಾರುಹೊಡೆದೆ, ಬೀದಿ ಕಡೆಯ ಕಿಟಕಿಗಳನ್ನೂ ಒಂದೊಂದಾಗಿ ತೆರೆದಿಟ್ಟೆ.